ಹುಬ್ಬಳ್ಳಿ ಸೀಮೆಯ ನಟಿ ಶಾಂತಾ ಹುಬ್ಳೀಕರ

ನಿಪ್ಪಾಣಿ ಭಾಗದ ನಮ್ಮ ಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತಿದ್ದವು. ಹೆಸರಲ್ಲೇ ಹುಬ್ಬಳ್ಳಿ ಇದ್ದರೂ ಶಾಂತಾ ಹುಬ್ಳೀಕರ ಅವರನ್ನು ನಾನು ಬಹುಕಾಲ ಮರಾಠಿಯವರೆಂದೇ ತಿಳಿದಿದ್ದೆ. ಅವರು ಹುಟ್ಟಿದ್ದು 1914ರಲ್ಲಿ, ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ.

1939ರಲ್ಲಿ ಪುಣೆಯ ಪ್ರಭಾತ್ ಕಂಪನಿಗಾಗಿ ವಿ. ಶಾಂತಾರಾಂ ನಿರ್ದೇಶಿಸಿದ ‘ಮಾಣೂಸ್’ ಚಿತ್ರದಲ್ಲಿ ಅವರು ವೇಶ್ಯೆ ಮೈನಾಳ ಪಾತ್ರ ಮಾಡಿದರು. ಪೊಲೀಸ್ ಪೇದೆಯೊಬ್ಬನ ಪ್ರೀತಿ ದೊರೆತರೂ ಸಮಾಜದಲ್ಲಿ ನೆಲೆ ಸಿಗದ ಹೆಣ್ಣಿನ ಕಥೆಯದು. ನಾಳೆಯ ಚಿಂತೆ ಬೇಡವೆನ್ನುವ ಅವರ ಹಾಡು ಮನೆಮಾತಾಯಿತು. 1942ರಲ್ಲಿ ಗುಬ್ಬಿ ವೀರಣ್ಣನವರ ‘ಜೀವನ ನಾಟಕ’ದಿಂದ ಕನ್ನಡ ಚಿತ್ರಕ್ಕೂ ಬಂದರು.

ಮುಪ್ಪಿನಲ್ಲಿ ಮಾತ್ರ ವೃದ್ಧಾಶ್ರಮ ಸೇರಬೇಕಾಯಿತು. ಆ ಹಾಡಿನ ಹೆಸರನ್ನೇ ಆತ್ಮಕಥೆಗಿಟ್ಟರು, 1992ರಲ್ಲಿ ತೀರಿಕೊಂಡರು.

ಚಪ್ಪಾಳೆ ತಟ್ಟಿದ ನಾವು ಕಲಾವಿದರ ಮುಪ್ಪನ್ನು ವಿಚಾರಿಸುವುದಿಲ್ಲ. ಈ ಸುವರ್ಣ ಮಹೋತ್ಸವದ ನೆಪದಲ್ಲಿ ನಮಗೆ ಹಾಡು, ನಾಟಕ ಕಲಿಸಿದ ಹಿರಿಯ ಗುರುಗಳನ್ನಾದರೂ ಮನೆಗೆ ಹೋಗಿ ಮಾತಾಡಿಸೋಣ.