ಹಲ್ ಹೌಸಿನ ಜೇನ್ ಆಡಮ್ಸ್

ಮಕ್ಕಳೇ, ಊರುಗಳು ಒಂದೇ ರೀತಿ ಉಳಿಯುವುದಿಲ್ಲ. ಕೆರೆ ಇದ್ದ ಜಾಗದಲ್ಲಿ ಬಸ್ ನಿಲ್ದಾಣ ಬರುತ್ತದೆ. ಹಂಚಿನ ಮನೆ ಇದ್ದ ಕಡೆ ಮಹಡಿ ಮನೆ ಏಳುತ್ತದೆ. ಅಮೆರಿಕ ದೇಶದ ಷಿಕಾಗೊ ಹೀಗೆ ಬಹಳ ಬೇಗ ಬದಲಾದ ನಗರ. ಮಿಷಿಗನ್ ಎಂಬ ದೊಡ್ಡ ಸರೋವರದ ದಡದಲ್ಲಿದ್ದ ಆ ಚಿಕ್ಕ ಊರು 1837ರಲ್ಲಿ ನಗರವಾಯಿತು. 1880ರಲ್ಲಿ ಅಲ್ಲಿ ಸುಮಾರು ಐದು ಲಕ್ಷ ಜನರಿದ್ದರು. ಹತ್ತೇ ವರ್ಷಗಳಲ್ಲಿ ಆ ಸಂಖ್ಯೆ ಹತ್ತು ಲಕ್ಷವನ್ನು ದಾಟಿತು.

ಆ ನಗರದ ಹಾಲ್‌ಸ್ಟೆಡ್ ಬೀದಿಯಲ್ಲಿ ಒಂದು ಹಳೆಯ ಇಟ್ಟಿಗೆ ಮನೆ ಇದೆ. ಅದರ ಹೆಸರು ಹಲ್ ಹೌಸ್. ಚಾರ್ಲ್ಸ್ ಹಲ್ ಎಂಬ ಶ್ರೀಮಂತರು 1856ರಲ್ಲಿ ಅದನ್ನು ಕಟ್ಟಿಸಿದರು. ಆಗ ಅದು ಊರಿನ ಹೊರಗಿತ್ತು. ಮೂರು ಕಡೆ ಕಂಬಗಳ ಜಗಲಿ ಇದ್ದ ಚೆಂದದ ಮನೆ ಅದು. 1871ರ ಅಕ್ಟೋಬರ್ ತಿಂಗಳಲ್ಲಿ ಷಿಕಾಗೊದಲ್ಲಿ ಭಾರಿ ಬೆಂಕಿ ಬಿತ್ತು. ಸುಮಾರು ಒಂದು ಲಕ್ಷ ಜನ ಮನೆಮಠ ಕಳೆದುಕೊಂಡರು. ಬೆಂಕಿ ಹುಟ್ಟಿದ ಸ್ಥಳ ಹಲ್ ಹೌಸಿಗೆ ಹತ್ತಿರವೇ ಇತ್ತು. ಆದರೆ ಗಾಳಿಯು ಜ್ವಾಲೆಯನ್ನು ಇನ್ನೊಂದು ದಿಕ್ಕಿಗೆ ಒಯ್ದಿತು. ಮನೆ ಉಳಿಯಿತು. ಆ ಮನೆಯಿಂದ ಮುಂದೆ ಸಾವಿರಾರು ಬಡವರ ಬದುಕು ಬದಲಾಯಿತು. ಅದಕ್ಕೆ ಕಾರಣರಾದವರು ಜೇನ್ ಆಡಮ್ಸ್. ಅವರ ಕಥೆಯನ್ನು ನೀವು ಈಗ ಓದಿರಿ.

ಜೇನ್ ಹುಟ್ಟಿದ್ದು 1860ರ ಸೆಪ್ಟೆಂಬರ್ 6ರಂದು, ಇಲಿನಾಯ್ ರಾಜ್ಯದ ಸೀಡರ್‌ವಿಲ್ ಎಂಬ ಹಳ್ಳಿಯಲ್ಲಿ. ತಂದೆ ಜಾನ್ ಆಡಮ್ಸ್ ಹಿಟ್ಟಿನ ಗಿರಣಿಯ ಒಡೆಯರು. ಅವರು ರಾಜ್ಯದ ಶಾಸನಸಭೆಯ ಸದಸ್ಯರೂ ಆಗಿದ್ದರು. ಅಬ್ರಹಾಂ ಲಿಂಕನ್ನರ ಪರಿಚಯ ಅವರಿಗಿತ್ತು. ಜೇನ್ ಎರಡು ವರ್ಷದ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು. ನಾಲ್ಕನೆಯ ವಯಸ್ಸಿನಲ್ಲಿ ಜೇನ್‌ಗೆ ಬೆನ್ನುಮೂಳೆಯ ಕ್ಷಯರೋಗ ತಗಲಿತು. ಬೆನ್ನು ಸ್ವಲ್ಪ ಬಾಗಿಯೇ ಉಳಿಯಿತು. ತಾನು ನೋಡಲು ಚೆನ್ನಾಗಿಲ್ಲವೆಂದು ಆ ಪುಟ್ಟ ಹುಡುಗಿ ಕೊರಗುತ್ತಿದ್ದಳು. ತಂದೆಯೇ ಅವಳಿಗೆ ಎಲ್ಲವೂ ಆಗಿದ್ದರು.

ಒಂದು ಭಾನುವಾರ ಜೇನ್ ಹೊಸದೊಂದು ಸುಂದರವಾದ ನಿಲುವಂಗಿ ತೊಟ್ಟು ತಂದೆಯ ಮುಂದೆ ನಿಂತಳು. ತಂದೆ ಮೆಚ್ಚಿದರು. ಆದರೆ ಅದನ್ನು ತೊಟ್ಟು ಪ್ರಾರ್ಥನೆಗೆ ಬಂದರೆ ಅಂಥ ಬಟ್ಟೆಯಿಲ್ಲದ ಹುಡುಗಿಯರ ಮನಸ್ಸಿಗೆ ನೋವಾಗಬಹುದು ಎಂದು ತಿಳಿಸಿದರು. ಜೇನ್ ಹಳೆಯ ನಿಲುವಂಗಿಯನ್ನೇ ತೊಟ್ಟು ಹೋದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಯೋಚನೆ. ಕೆಲವರಿಗೆ ಇದ್ದು ಕೆಲವರಿಗೆ ಇಲ್ಲದಿರುವುದು ಏಕೆ?

ಏಳನೆಯ ವಯಸ್ಸಿನಲ್ಲಿ ಜೇನ್ ತಂದೆಯ ಜೊತೆ ಹತ್ತಿರದ ಪಟ್ಟಣಕ್ಕೆ ಹೋದಳು. ಅಲ್ಲಿ ಬಡವರ ಕೇರಿಯನ್ನು ಮೊದಲ ಸಲ ಕಂಡಳು. ಒಂದಕ್ಕೊಂದು ಅಂಟಿಕೊಂಡ ಕೊಳಕು ಗುಡಿಸಲುಗಳು. ಜನರು ಇಂಥ ಮನೆಗಳಲ್ಲಿ ಏಕೆ ವಾಸಿಸುತ್ತಾರೆಂದು ತಂದೆಯನ್ನು ಕೇಳಿದಳು. ತಂದೆ ಬಡತನದ ವಿಷಯ ತಿಳಿಸಿದರು. ತಾನು ದೊಡ್ಡವಳಾದ ಮೇಲೆ ದೊಡ್ಡ ಮನೆಯಲ್ಲಿರುತ್ತೇನೆ, ಆದರೆ ಆ ಮನೆ ಇಂಥ ಚಿಕ್ಕ ಮನೆಗಳ ನಡುವೆಯೇ ಇರುತ್ತದೆ ಎಂದು ಜೇನ್ ಆಗ ಹೇಳಿದಳು. ಮಕ್ಕಳ ಮಾತು ಎಂದು ನೀವು ನಗಬಹುದು. ಆದರೆ ಆ ಮಾತು ನಿಜವಾಯಿತು.

ಜೇನ್ ರಾಕ್‌ಫರ್ಡಿನ ಮಹಿಳಾ ವಿದ್ಯಾಲಯದಲ್ಲಿ ಓದಿದರು. 1881ರಲ್ಲಿ ಓದು ಮುಗಿಯಿತು. ಅದೇ ವರ್ಷ ತಂದೆ ತೀರಿಕೊಂಡರು. ವೈದ್ಯಳಾಗಬೇಕೆಂದು ಓದಲು ಆರಂಭಿಸಿದರು. ಆರೋಗ್ಯ ಕೆಟ್ಟು ಆ ಓದು ನಿಂತಿತು. ಮುಂದೇನು ಮಾಡಬೇಕೆಂದು ತಿಳಿಯದೆ ಹಲವು ವರ್ಷ ಕಳೆದರು. 1888ರಲ್ಲಿ ಅವರು ಲಂಡನ್ನಿನಲ್ಲಿ ಟಾಯ್ನ್‌ಬಿ ಹಾಲ್ ಎಂಬ ಸಂಸ್ಥೆಯನ್ನು ನೋಡಿದರು. ಅಲ್ಲಿ ಓದಿದ ತರುಣರು ಬಡವರ ಕೇರಿಯಲ್ಲೇ ನೆಲೆಸಿ ಅವರಿಗೆ ನೆರವಾಗುತ್ತಿದ್ದರು. ಜೇನ್ ಅವರಿಗೆ ತಮ್ಮ ದಾರಿ ಕಂಡಿತು.

ಗೆಳತಿ ಎಲೆನ್ ಸ್ಟಾರ್ ಅವರೊಂದಿಗೆ ಜೇನ್ ಷಿಕಾಗೊದಲ್ಲಿ ಮನೆ ಹುಡುಕಿದರು. ಅಷ್ಟರಲ್ಲಿ ನಗರ ಬೆಳೆದು ಹಲ್ ಹೌಸನ್ನು ಸುತ್ತುವರಿದಿತ್ತು. ಅದರ ಒಂದು ಪಕ್ಕದಲ್ಲಿ ಹೆಂಡದಂಗಡಿ, ಇನ್ನೊಂದು ಪಕ್ಕದಲ್ಲಿ ಶವಸಂಸ್ಕಾರದವರ ಅಂಗಡಿ. ಕೆಳಗಿನ ಕೋಣೆಗಳಲ್ಲಿ ಮರದ ಸಾಮಾನು ತುಂಬಿದ್ದರು. ಸುತ್ತಲೂ ಬೇರೆ ಬೇರೆ ದೇಶಗಳಿಂದ ಕೂಲಿಗಾಗಿ ಬಂದ ಜನ. ಇಟಲಿಯವರು, ಜರ್ಮನರು, ಗ್ರೀಕರು, ಐರಿಷ್ ಜನರು, ರಷ್ಯ ಮತ್ತು ಪೋಲೆಂಡಿನ ಯಹೂದಿಗಳು. ಒಂದೊಂದು ಬೀದಿಯಲ್ಲಿ ಒಂದೊಂದು ಭಾಷೆ ಕೇಳಿಬರುತ್ತಿತ್ತು.

1889ರ ಸೆಪ್ಟೆಂಬರ್ 18ರಂದು ಗೆಳತಿಯರು ಆ ಮನೆಗೆ ಬಂದರು. ಜೇನ್ ಅವರಿಗೆ ಆಗ 29 ವರ್ಷ. ಮೊದಲ ರಾತ್ರಿ ಸಂಭ್ರಮದಲ್ಲಿ ಬೀದಿಯ ಕಡೆಯ ಒಂದು ಬಾಗಿಲನ್ನು ಮುಚ್ಚುವುದನ್ನೇ ಮರೆತರು. ಬೆಳಿಗ್ಗೆ ನೋಡಿದರೆ ಒಂದು ಸಾಮಾನೂ ಕಳುವಾಗಿರಲಿಲ್ಲ. ನೆರೆಯವರು ಒಳ್ಳೆಯವರೆಂದು ಅವರಿಗೆ ಸಂತೋಷವಾಯಿತು.

ತಾಯಂದಿರು ಕೆಲಸಕ್ಕೆ ಹೋದಾಗ ಚಿಕ್ಕ ಮಕ್ಕಳು ಬಾಗಿಲು ಹಾಕಿದ ಮನೆಗಳಲ್ಲಿ ಒಂಟಿಯಾಗಿರುತ್ತಿದ್ದರು. ಅವರಿಗಾಗಿ ಹಲ್ ಹೌಸಿನಲ್ಲಿ ಶಿಶುವಿಹಾರ ಆರಂಭವಾಯಿತು. ದೊಡ್ಡವರಿಗೆ ಸಂಜೆಯ ಶಾಲೆ ನಡೆಯಿತು. ಅಡಿಗೆ, ಹೊಲಿಗೆ, ಚಿತ್ರಕಲೆ, ಸಂಗೀತ, ನಾಟಕ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಹಳೆಯ ಮುರುಕು ಮನೆಗಳನ್ನು ತೆಗೆದುಹಾಕಿ ಮಕ್ಕಳಿಗೆ ಆಟದ ಬಯಲನ್ನೂ ಮಾಡಿದರು. ಎರಡನೆಯ ವರ್ಷದಲ್ಲಿ ವಾರಕ್ಕೆ ಸುಮಾರು 2000 ಜನ ಅಲ್ಲಿಗೆ ಬರತೊಡಗಿದರು. ಒಂದು ಮನೆ ಸಾಲಲಿಲ್ಲ. ಪಕ್ಕದಲ್ಲಿ ಒಂದಾದ ಮೇಲೊಂದು ಕಟ್ಟಡ ಎದ್ದಿತು. 1907ರ ಹೊತ್ತಿಗೆ ಒಟ್ಟು 13 ಕಟ್ಟಡಗಳಾದವು.

ಮೊದಲ ಕ್ರಿಸ್‌ಮಸ್ ಹಬ್ಬದಂದು ಜೇನ್ ಮಕ್ಕಳಿಗೆ ಮಿಠಾಯಿ ಹಂಚಿದರು. ಕೆಲವು ಹುಡುಗಿಯರು ಕೈ ಚಾಚಲೇ ಇಲ್ಲ. ಕಾರಣ ಕೇಳಿದಾಗ ಅವರು ಮಿಠಾಯಿ ಕಾರ್ಖಾನೆಯಲ್ಲಿ ದುಡಿಯುವವರೆಂದು ತಿಳಿಯಿತು. ಆರು ವಾರಗಳಿಂದ ಬೆಳಿಗ್ಗೆ 7 ಗಂಟೆಯಿಂದ ರಾತ್ರಿ 9 ಗಂಟೆಯವರೆಗೆ ಅವರು ಕೆಲಸ ಮಾಡಿದ್ದರು. ಮಿಠಾಯಿಯನ್ನು ಕಂಡರೇ ಅವರಿಗೆ ಬೇಸರ. ಮಕ್ಕಳೇ, ನಿಮ್ಮ ವಯಸ್ಸಿನವರಿಗೆ ಮಿಠಾಯಿ ಬೇಡವಾಗಬೇಕಾದರೆ ಅವರು ಎಷ್ಟು ದಣಿದಿರಬೇಕು ಯೋಚಿಸಿರಿ.

ಅದೇ ಚಳಿಗಾಲದಲ್ಲಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಒಂದೇ ಯಂತ್ರಕ್ಕೆ ಸಿಕ್ಕಿ ಮೂವರು ಹುಡುಗರು ಗಾಯಗೊಂಡರು. ಅವರಲ್ಲಿ ಒಬ್ಬನು ಸತ್ತನು. ಆ ಯಂತ್ರಕ್ಕೆ ಕೆಲವೇ ಡಾಲರ್ ಬೆಲೆಯ ಒಂದು ತಡೆಯನ್ನು ಹಾಕಿದ್ದರೆ ಸಾಕಾಗಿತ್ತು. ಜೇನ್ ಮತ್ತು ಅವರ ಗೆಳತಿ ಫ್ಲಾರೆನ್ಸ್ ಕೆಲಿ ಸುಮ್ಮನೆ ಕೂರಲಿಲ್ಲ. ಮನೆ ಮನೆಗೆ ಹೋಗಿ ದುಡಿಯುವ ಮಕ್ಕಳ ಲೆಕ್ಕ ಬರೆದರು. ಅದನ್ನು ಸರ್ಕಾರದ ಮುಂದಿಟ್ಟರು. 1893ರಲ್ಲಿ ಇಲಿನಾಯ್ ರಾಜ್ಯವು 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಗಳಲ್ಲಿ ದುಡಿಸಬಾರದೆಂದು ಕಾನೂನು ಮಾಡಿತು. ಎಲ್ಲರಿಗೂ ಇದು ಹಿಡಿಸಲಿಲ್ಲ. ಮಕ್ಕಳ ಕೂಲಿ ತಪ್ಪಿತೆಂದು ಕೆಲವು ತಂದೆತಾಯಿಗಳೇ ಕೋಪಗೊಂಡರು. ಜೇನ್ ಅವರಿಗೆ ಬಿಡಿಸಿ ಹೇಳುತ್ತಲೇ ಇದ್ದರು.

ಆ ಕೇರಿಯ ಇನ್ನೊಂದು ಕಷ್ಟ ಕಸ. ಬೀದಿಯಲ್ಲಿ ಇಟ್ಟಿದ್ದ ಮರದ ಪೆಟ್ಟಿಗೆಗಳು ಕಸದಿಂದ ತುಂಬಿ ತುಳುಕುತ್ತಿದ್ದವು. ಮಕ್ಕಳು ಅವುಗಳ ಮೇಲೆಯೇ ಹತ್ತಿ ಆಡುತ್ತಿದ್ದರು. ರೋಗಗಳು ಹರಡುತ್ತಿದ್ದವು. ಎಷ್ಟು ದೂರು ಕೊಟ್ಟರೂ ಫಲವಾಗಲಿಲ್ಲ. ಕೊನೆಗೆ 1895ರಲ್ಲಿ ನಗರದ ಮೇಯರ್ ಜೇನ್ ಅವರನ್ನೇ ಕಸದ ಮೇಲ್ವಿಚಾರಕರಾಗಿ ನೇಮಿಸಿದರು. ಅವರು ಬೆಳಿಗ್ಗೆ 6 ಗಂಟೆಗೇ ಎದ್ದು ಕಸದ ಗಾಡಿಗಳ ಹಿಂದೆ ಹೋಗುತ್ತಿದ್ದರು. ಗಾಡಿಯು ಕಸವನ್ನು ಎಲ್ಲಿ ಸುರಿಯುತ್ತದೆ ಎಂದು ಕಣ್ಣಾರೆ ನೋಡುತ್ತಿದ್ದರು. ಓದಿದ ಹೆಣ್ಣುಮಗಳು ಇಂಥ ಕೆಲಸ ಮಾಡುವುದೇ ಎಂದು ನೆರೆಯ ಹೆಂಗಸರು ಬೆರಗಾದರು. ಒಂದು ಓಣಿಯಲ್ಲಿ ಒಂದೂವರೆ ಅಡಿ ಕಸವನ್ನು ತೆಗೆದಾಗ ಅಡಿಯಲ್ಲಿ ಗಟ್ಟಿಯಾದ ರಸ್ತೆ ಕಾಣಿಸಿತು! ಅಲ್ಲಿ ಅಂಥ ರಸ್ತೆ ಇದೆಯೆಂದೇ ಜನರಿಗೆ ಗೊತ್ತಿರಲಿಲ್ಲ. ಸಾವಿನ ಪ್ರಮಾಣದಲ್ಲಿ ನಗರಕ್ಕೆ 3ನೆಯದಾಗಿದ್ದ ಆ ವಾರ್ಡು 7ನೆಯ ಸ್ಥಾನಕ್ಕೆ ಇಳಿಯಿತು.

ಜೇನ್ ಇನ್ನೊಂದು ಸಂಗತಿಯನ್ನು ಗಮನಿಸಿದರು. ಶಾಲೆಗೆ ಹೋಗುವ ಮಕ್ಕಳು ಇಂಗ್ಲಿಷ್ ಕಲಿತರು. ಹಳ್ಳಿಯಿಂದ ಬಂದ ಅವರ ತಾಯಂದಿರಿಗೆ ಆ ಭಾಷೆ ಬರುತ್ತಿರಲಿಲ್ಲ. ತಾಯಿಯ ಮಾತು, ತಾಯಿಯ ಉಡುಪು ಮಕ್ಕಳಿಗೆ ನಾಚಿಕೆ ತರುತ್ತಿತ್ತು. ಇದರಿಂದ ಜೇನ್ ಅವರಿಗೆ ಬಹಳ ನೋವಾಯಿತು. ಆ ತಾಯಂದಿರ ಕೈಯಲ್ಲಿ ಎಂಥ ವಿದ್ಯೆ ಇದೆ ಎಂಬುದನ್ನು ಮಕ್ಕಳಿಗೆ ತೋರಿಸಲು ಅವರು ಹಲ್ ಹೌಸಿನಲ್ಲಿ ಒಂದು ದುಡಿಮೆಯ ವಸ್ತುಸಂಗ್ರಹಾಲಯ ತೆರೆದರು. ಅಲ್ಲಿ ಬೇರೆ ಬೇರೆ ದೇಶಗಳ ಹೆಂಗಸರು ನೂಲು ತೆಗೆಯುತ್ತಿದ್ದರು, ಬಟ್ಟೆ ನೇಯುತ್ತಿದ್ದರು.

ಇಟಲಿಯ ಒಬ್ಬ ಹುಡುಗಿ ಶನಿವಾರದ ಸಂಜೆ ಅಡಿಗೆ ಕಲಿಯಲು ಬರುತ್ತಿದ್ದಳು. ಅವಳ ತಾಯಿ ಕದಿರಿನಿಂದ ನೂಲಲು ಬರುತ್ತಿದ್ದಳು. ತಲೆಗೆ ವಸ್ತ್ರ ಕಟ್ಟಿದ, ಹಳ್ಳಿಯ ಮಾತಾಡುವ ಆ ಹೆಂಗಸು ತನ್ನ ತಾಯಿಯೆಂದು ಯಾರಿಗೂ ತಿಳಿಯಬಾರದು ಎಂದು ಹುಡುಗಿ ಬೇರೆ ಬಾಗಿಲಿನಿಂದ ಒಳಗೆ ಹೋಗುತ್ತಿದ್ದಳು. ಒಂದು ದಿನ ಅವಳು ತಾಯಿಯ ಸುತ್ತ ಜನ ನೆರೆದಿರುವುದನ್ನು ಕಂಡಳು. ಅವರೆಲ್ಲರೂ ಶಿಕ್ಷಣ ಬಲ್ಲವರು. ಅವರು ಆ ತಾಯಿಯ ಕೈಚಳಕವನ್ನು ಮನಸಾರೆ ಹೊಗಳುತ್ತಿದ್ದರು. ಹುಡುಗಿ ತಾಯಿಯ ಹಳ್ಳಿಯ ಬಗ್ಗೆ ಜೇನ್ ಅವರಿಂದ ಕೇಳಿ ತಿಳಿದುಕೊಂಡಳು. ಮುಂದೊಂದು ದಿನ ತಾಯಿ ಮಗಳು ಇಬ್ಬರೂ ಒಂದೇ ಬಾಗಿಲಿನಿಂದ ಒಳಗೆ ಬಂದರು. ಜೇನ್ ಇದನ್ನು ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಯುದ್ಧ ಬೇಡವೆಂದು ಜೇನ್ ಹೇಳಿದರು. 1915ರಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ ನಡೆದ ಮಹಿಳೆಯರ ಶಾಂತಿ ಸಮ್ಮೇಳನದ ಅಧ್ಯಕ್ಷರಾದರು. 1917ರಲ್ಲಿ ಅಮೆರಿಕವೂ ಯುದ್ಧಕ್ಕೆ ಇಳಿಯಿತು. ಆಗ ಹಿಂದೆ ಹೊಗಳಿದವರೇ ಅವರನ್ನು ತೆಗಳಿದರು. ಪತ್ರಿಕೆಗಳು ನಿಂದಿಸಿದವು. ಹಲವು ಗೆಳೆಯರು ದೂರವಾದರು. ಜೇನ್ ತಮ್ಮ ಮಾತನ್ನು ಬದಲಿಸಲಿಲ್ಲ. ಯುದ್ಧದಿಂದ ಹಸಿದ ದೇಶಗಳ ಹೆಂಗಸರು ಮಕ್ಕಳಿಗೆ ಆಹಾರ ಕಳುಹಿಸುವ ಕೆಲಸದಲ್ಲಿ ತೊಡಗಿದರು. 1923ರಲ್ಲಿ ಹಲವು ದೇಶಗಳನ್ನು ಸುತ್ತಿದಾಗ ನಮ್ಮ ಭಾರತಕ್ಕೂ ಬಂದಿದ್ದರು.

1931ರಲ್ಲಿ ಜೇನ್ ಅವರಿಗೆ ನೊಬೆಲ್ ಶಾಂತಿ ಬಹುಮಾನ ಬಂದಿತು. ಆ ಬಹುಮಾನ ಪಡೆದ ಮೊದಲ ಅಮೆರಿಕನ್ ಮಹಿಳೆ ಅವರು. ಕಾಯಿಲೆಯಿಂದಾಗಿ ಅದನ್ನು ಪಡೆಯಲು ಅವರು ಹೋಗಲಾಗಲಿಲ್ಲ. 1935ರ ಮೇ 21ರಂದು ಅವರು ಷಿಕಾಗೊದಲ್ಲಿ ತೀರಿಕೊಂಡರು. ಹಲ್ ಹೌಸಿನ ಅಂಗಳದಲ್ಲಿ ಸಾವಿರಾರು ಜನ ಸೇರಿ ಕಣ್ಣೀರಿಟ್ಟರು. ಹುಟ್ಟಿದ ಹಳ್ಳಿ ಸೀಡರ್‌ವಿಲ್ಲಿನಲ್ಲೇ ಅವರ ಸಮಾಧಿ ಇದೆ.

ನಗರ ಬದಲಾಗುತ್ತಲೇ ಹೋಯಿತು. 1885ರಲ್ಲಿ ಷಿಕಾಗೊದಲ್ಲಿ ಕಟ್ಟಿದ ಹತ್ತು ಅಂತಸ್ತಿನ ಹೋಮ್ ಇನ್ಶೂರೆನ್ಸ್ ಕಟ್ಟಡವನ್ನು ಜಗತ್ತಿನ ಮೊದಲ ಗಗನಚುಂಬಿ ಎಂದು ಕರೆಯುತ್ತಾರೆ. ಜೇನ್ ಅವರಿಗೆ ಬಹುಮಾನ ಬಂದ 1931ರಲ್ಲೇ ಅದನ್ನು ಕೆಡವಿದರು. ಮುಂದೆ ಹಲ್ ಹೌಸಿನ ಸರದಿ ಬಂದಿತು. ಆ ಕೇರಿಯ ಜಾಗದಲ್ಲಿ ವಿಶ್ವವಿದ್ಯಾಲಯ ಕಟ್ಟಲು 1961ರಲ್ಲಿ ನಗರದವರು ನಿಶ್ಚಯಿಸಿದರು. ಚಿಕ್ಕಂದಿನಲ್ಲಿ ಹಲ್ ಹೌಸಿಗೆ ಹೋಗುತ್ತಿದ್ದ ಫ್ಲಾರೆನ್ಸ್ ಸ್ಕಾಲಾ ಎಂಬುವರು ನೆರೆಯ ಹೆಂಗಸರನ್ನು ಕೂಡಿಸಿ ಹೋರಾಡಿದರು. ಮೆರವಣಿಗೆ ಹೋದರು, ಮೇಯರರ ಕಚೇರಿಯಲ್ಲಿ ಕುಳಿತರು, ನ್ಯಾಯಾಲಯಕ್ಕೂ ಹೋದರು. ಆದರೆ ಗೆಲ್ಲಲಿಲ್ಲ. ಸಾವಿರಾರು ಜನ ಮನೆ ಬಿಟ್ಟು ಹೋಗಬೇಕಾಯಿತು. 1963ರಲ್ಲಿ ಕಟ್ಟಡಗಳನ್ನು ಕೆಡವಿದರು. 13 ಕಟ್ಟಡಗಳಲ್ಲಿ ಉಳಿದವು ಎರಡೇ. ಒಂದು 1856ರ ಹಳೆಯ ಮನೆ. ಇನ್ನೊಂದು ಊಟದ ಮನೆ. ಅದನ್ನೂ ಇದ್ದ ಜಾಗದಿಂದ ಸರಿಸಿ ಇಟ್ಟರು.

ಹೊಸ ವಿಶ್ವವಿದ್ಯಾಲಯವು 1965ರಲ್ಲಿ ಆರಂಭವಾಯಿತು. ಹಳೆಯ ಮನೆಯು 1967ರಲ್ಲಿ ಜೇನ್ ಆಡಮ್ಸ್ ಅವರ ನೆನಪಿನ ವಸ್ತುಸಂಗ್ರಹಾಲಯವಾಯಿತು. ಹಲ್ ಹೌಸಿನ ಸಂಸ್ಥೆಯು ನಗರದ ಬೇರೆ ಕಡೆಗಳಲ್ಲಿ ಕೆಲಸ ಮುಂದುವರಿಸಿ, ಹಣವಿಲ್ಲದೆ 2012ರಲ್ಲಿ ಮುಚ್ಚಿತು. ಷಿಕಾಗೊದಿಂದ ಹೊರಡುವ ಒಂದು ಹೆದ್ದಾರಿಗೆ 2007ರಲ್ಲಿ ಜೇನ್ ಅವರ ಹೆಸರಿಟ್ಟರು. ವಿಶ್ವವಿದ್ಯಾಲಯದ ಎತ್ತರದ ಕಟ್ಟಡಗಳ ನಡುವೆ ಆ ಇಟ್ಟಿಗೆ ಮನೆ ಈಗ ಚಿಕ್ಕದಾಗಿ ಕಾಣುತ್ತದೆ. ಒಂದು ಕಾಲಕ್ಕೆ ಚಿಕ್ಕ ಮನೆಗಳ ನಡುವಿನ ದೊಡ್ಡ ಮನೆ ಅದು.

ಪದಗಳ ಅರ್ಥ

ಕದಿರು – ಕೈಯಿಂದ ನೂಲು ತೆಗೆಯುವ ಕಡ್ಡಿ
ಗಗನಚುಂಬಿ – ಆಕಾಶ ಮುಟ್ಟುವಂತೆ ಕಾಣುವ ಎತ್ತರದ ಕಟ್ಟಡ
ಓಣಿ – ಇಕ್ಕಟ್ಟಾದ ಬೀದಿ
ತೆಗಳು – ನಿಂದಿಸು

ಅಭ್ಯಾಸ

1. ಚಿಕ್ಕಂದಿನಲ್ಲಿ ಜೇನ್ ಎಂಥ ಮನೆಯಲ್ಲಿ ಇರಬೇಕೆಂದು ಬಯಸಿದಳು?
2. ಹುಡುಗಿಯರು ಹಬ್ಬದ ಮಿಠಾಯಿಯನ್ನು ಏಕೆ ತೆಗೆದುಕೊಳ್ಳಲಿಲ್ಲ?
3. ಓಣಿಯ ಕಸವನ್ನು ತೆಗೆದಾಗ ಏನು ಕಾಣಿಸಿತು?
4. ಇಟಲಿಯ ಹುಡುಗಿ ಮೊದಲು ಬೇರೆ ಬಾಗಿಲಿನಿಂದ ಬರುತ್ತಿದ್ದುದೇಕೆ? ಅವಳ ಮನಸ್ಸು ಹೇಗೆ ಬದಲಾಯಿತು?
5. ಹಲ್ ಹೌಸಿನ 13 ಕಟ್ಟಡಗಳು ಏನಾದವು?

ಚಟುವಟಿಕೆ: ನಿಮ್ಮ ಊರಿನಲ್ಲಿ ಮೊದಲು ಇದ್ದು ಈಗ ಇಲ್ಲದ ಒಂದು ಕಟ್ಟಡ, ಕೆರೆ ಅಥವಾ ಮರದ ಬಗ್ಗೆ ಹಿರಿಯರಿಂದ ಕೇಳಿ ತಿಳಿಯಿರಿ. ಐದು ವಾಕ್ಯಗಳಲ್ಲಿ ಬರೆಯಿರಿ.