ಒಲೆಯ ಮುಂದಿನ ಪ್ರಾರ್ಥನೆ

ಬ್ರದರ್ ಲಾರೆನ್ಸ್ ಹೆಸರು ಕ್ರೈಸ್ತರಲ್ಲಿ ಬಹಳ ಜನಕ್ಕೆ ಗೊತ್ತು. ಅವರು ಪಂಡಿತರಲ್ಲ, ಗುರುಪಟ್ಟ ಪಡೆದವರೂ ಅಲ್ಲ. ಮಠವೊಂದರಲ್ಲಿ ಅಡುಗೆ ಮಾಡುತ್ತಿದ್ದವರು. ಅದಕ್ಕೇ ದುಡಿಯೋಕೆ ಬಂದ ನಮಗೆ ಅವರ ಕಥೆ ಹತ್ತಿರದ್ದು.

ಹುಟ್ಟುಹೆಸರು ನಿಕೊಲಾ ಎರ್ಮಾನ್. 1614ರ ಸುಮಾರಿಗೆ, ಈಗ ಫ್ರಾನ್ಸಿಗೆ ಸೇರಿರುವ ಲೊರೇನ್ ಸೀಮೆಯಲ್ಲಿ ಹುಟ್ಟಿದರು. 18ನೇ ವಯಸ್ಸಿನಲ್ಲಿ, ಒಂದು ಚಳಿಗಾಲ, ಎಲೆ ಉದುರಿದ ಬೋಳು ಮರ ಕಂಡರು. ಇನ್ನು ಸ್ವಲ್ಪ ದಿನಕ್ಕೆ ಇದೇ ಮರ ಚಿಗುರಿ ಹೂ ಬಿಡುತ್ತೆ ಅನ್ನೋ ಯೋಚನೆ ಬಂತು. ದೇವರ ಶಕ್ತಿ ಮನಸ್ಸಿಗೆ ನಾಟಿತು. ಆದರೂ ಬದುಕು ಕೂಡಲೇ ಬದಲಾಗಲಿಲ್ಲ. ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿ ಗಾಯಗೊಂಡರು, ಕಾಲು ಕುಂಟಾಯಿತು. ಆಮೇಲೆ ದೊಡ್ಡವರೊಬ್ಬರ ಮನೆಯಲ್ಲಿ ಆಳಾಗಿದ್ದರು. ಮುಟ್ಟಿದ್ದನ್ನೆಲ್ಲ ಒಡೆದುಹಾಕುತ್ತಿದ್ದೆ ಅಂತ ತಾವೇ ಹೇಳಿಕೊಂಡಿದ್ದಾರೆ.

1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠ ಸೇರಿದರು. ಅಲ್ಲಿ ಸಿಕ್ಕಿದ್ದು ಅಡುಗೆಮನೆ. ಆ ಕೆಲಸ ಅವರಿಗೆ ಒಗ್ಗುತ್ತಿರಲಿಲ್ಲ. ಆದರೂ 15 ವರ್ಷ ಮಾಡಿದರು. ಮಠ ಸೇರಿದ ಕೂಡಲೇ ನೆಮ್ಮದಿಯೂ ಸಿಗಲಿಲ್ಲ. ತಾನು ದೇವರಿಗೆ ಬೇಡವಾದವನು ಅನ್ನೋ ಭಯ ವರ್ಷಗಟ್ಟಲೆ ಕಾಡಿತು. ಈ ಸಂಕಟ ಸಾಯೋವರೆಗೂ ಇದ್ದರೂ ಇರಲಿ, ದೇವರ ಮೇಲಿನ ಪ್ರೀತಿ ಬಿಡಲ್ಲ ಅಂತ ಗಟ್ಟಿ ಮಾಡಿಕೊಂಡ ಮೇಲೆಯೇ ಭಯ ಇಳಿಯಿತು.

ಅಲ್ಲಿಂದ ಅವರ ವಿವೇಚನೆಯ ದಾರಿ ಸರಳವಾಯಿತು. ಕೆಲಸ ದೊಡ್ಡದೋ ಚಿಕ್ಕದೋ ಅಂತ ನೋಡಲಿಲ್ಲ, ಯಾರಿಗೋಸ್ಕರ ಮಾಡ್ತಿದ್ದೀನಿ ಅಂತ ಮಾತ್ರ ನೋಡಿದರು. ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದೂ ದೇವರಿಗಾಗಿಯೇ. ಕೆಲಸಕ್ಕೆ ಮೊದಲು ಸಹಾಯ ಬೇಡೋರು. ಮುಗಿದ ಮೇಲೆ ಹೇಗೆ ಮಾಡಿದೆ ಅಂತ ತಮ್ಮನ್ನೇ ಕೇಳಿಕೊಳ್ಳೋರು. ಸರಿಯಾಗಿದ್ದರೆ ದೇವರಿಗೆ ವಂದನೆ, ತಪ್ಪಿದ್ದರೆ ಕ್ಷಮೆ ಕೇಳಿ ಮುಂದಿನ ಕೆಲಸ. ಕೊರಗುತ್ತ ಕೂರುತ್ತಿರಲಿಲ್ಲ. ಒಮ್ಮೆ ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳಿಸಿದರು. ವ್ಯಾಪಾರ ಗೊತ್ತಿಲ್ಲ, ಕಾಲು ಬೇರೆ ಕುಂಟು. ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಓಡಾಡಿ ಕೆಲಸ ಮುಗಿಸಿ ಬಂದರು.

ಮುಂದೆ ಮಠದವರ ಚಪ್ಪಲಿ ಹೊಲಿಯೋ ಕೆಲಸಕ್ಕೆ ಬಂದರು. ಆಮೇಲೆ ಆರ್ಚ್‌ಬಿಷಪ್ ಆದ ಫೆನೆಲೋನ್ ಅಂಥವರೂ ಅವರನ್ನು ಹುಡುಕಿಕೊಂಡು ಬಂದರು. 1691ರ ಫೆಬ್ರವರಿ 12ರಂದು ತೀರಿಕೊಂಡರು. ಅವರ ಮಾತುಗಳನ್ನೂ ಪತ್ರಗಳನ್ನೂ ಜೋಸೆಫ್ ದ ಬೋಫೋರ್ ಎಂಬ ಗುರುಗಳು ಸೇರಿಸಿ ಪ್ರಕಟಿಸಿದರು.

ಸಂಬಳ ಕೊಡದೆ ದುಡಿಸೋರನ್ನು ಸುಮ್ಮನೆ ಸಹಿಸಿಕೊಳ್ಳಿ ಅಂತ ಇದರ ಅರ್ಥ ಅಲ್ಲ. ಆದರೆ ಉದ್ದದ ಡ್ಯೂಟಿ ನಡುವೆ ಪ್ರಾರ್ಥನೆಗೆ ಟೈಮೇ ಇಲ್ಲ ಅನ್ನೋ ನಮಗೆ, ಪಾತ್ರೆಗಳ ಸದ್ದಿನ ನಡುವೆಯೂ ದೇವರ ಜೊತೆ ಇದ್ದ ಈ ಅಡುಗೆಯವರು ಒಂದು ದಾರಿ ತೋರಿಸಿದ್ದಾರೆ. ನಾಳೆಯ ಶಿಫ್ಟಿನಲ್ಲೇ ಅದನ್ನು ಶುರು ಮಾಡಬಹುದು.