ಬೇಕರಿಯ ಹಿಂದಿನ ಮನೆ

ಊರು ಬಿಟ್ಟು ಬಂದ ನಮಗೆಲ್ಲ ಇದು ಗೊತ್ತು. ಕೆಲಸ ಹೇಗೋ ಸಿಗುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಬಹುದಾದ ಮನೆ ಸಿಗುವುದು ಕಷ್ಟ. ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸರಿಗೆ ಟೋಕಿಯೊದಲ್ಲಿ ಅಂಥ ಮನೆ ಸಿಕ್ಕಿದ್ದು ಒಂದು ಬೇಕರಿಯ ಹಿಂದೆ.

1886ರಲ್ಲಿ ಬಂಗಾಳದಲ್ಲಿ ಹುಟ್ಟಿದ ಬೋಸರು ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಗುಮಾಸ್ತರಾಗಿದ್ದರು. 1912ರಲ್ಲಿ ದೆಹಲಿಯಲ್ಲಿ ವೈಸ್‌ರಾಯ್ ಹಾರ್ಡಿಂಜ್ ಮೇಲೆ ನಡೆದ ಬಾಂಬ್ ದಾಳಿಯ ಸೂತ್ರಧಾರರೂ ಅವರೇ. 1915ರ ಗದರ್ ದಂಗೆಯ ಸಂಚು ಬಯಲಾದ ಮೇಲೆ ರವೀಂದ್ರನಾಥ ಟಾಗೋರರ ಬಂಧುವೆಂದು ಹೇಳಿಕೊಂಡು, ಬೇರೆ ಹೆಸರಿನಲ್ಲಿ ಕೋಲ್ಕತ್ತದಿಂದ ಹಡಗು ಹತ್ತಿ ಜಪಾನ್ ಸೇರಿದರು.

ಆಗ ಬ್ರಿಟನ್ ಮತ್ತು ಜಪಾನ್ ಮಿತ್ರರಾಷ್ಟ್ರಗಳು. ಬ್ರಿಟಿಷರ ಒತ್ತಡಕ್ಕೆ ಮಣಿದ ಜಪಾನ್ ಸರ್ಕಾರ ಅದೇ ವರ್ಷದ ಕೊನೆಗೆ ಬೋಸರನ್ನು ಗಡಿಪಾರು ಮಾಡಲು ಆದೇಶಿಸಿತು. ಗಡುವು ಮುಗಿಯುವ ಮುನ್ನ ಅವರು ಪ್ರಭಾವಿ ನಾಯಕ ತೋಯಾಮ ಮಿತ್ಸುರು ಅವರ ಮನೆಗೆ ಹೋದರು. ಹೊರಗೆ ಪೊಲೀಸರು ಕಾಯುತ್ತಿದ್ದರು. ಚಪ್ಪಲಿ ಕಳಚುವ ಜಾಗದಲ್ಲಿ ಬೋಸರ ಬೂಟು ಹಾಗೇ ಇತ್ತು, ಬೋಸರು ಮಾತ್ರ ಹಿಂಬಾಗಿಲಿನಿಂದ ಹೊರಟುಹೋಗಿದ್ದರು.

ಅವರನ್ನು ಬಚ್ಚಿಟ್ಟವರು ಷಿಂಜುಕುವಿನ ನಕಮುರಾಯ ಬೇಕರಿಯ ಸೋಮ ಐಜೊ, ಕೊಕ್ಕೊ ದಂಪತಿ. ಅವರಿಗೂ ಬೋಸರಿಗೂ ಹಳೆಯ ಪರಿಚಯವೇನೂ ಇರಲಿಲ್ಲ. ಸಿಕ್ಕಿಬಿದ್ದರೆ ವ್ಯಾಪಾರಕ್ಕೂ ಮನೆಗೂ ಕುತ್ತು. ಆದರೂ ಅಂಗಡಿಯ ಹಿಂದಿನ ಚಿತ್ರಕಲೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು ಊಟ ಹಾಕಿದರು.

ಮರುವರ್ಷ ಗಡಿಪಾರಿನ ಭಯ ಹೋಯಿತು, ಬ್ರಿಟಿಷ್ ಗೂಢಚಾರರ ಕಾಟ ಹೋಗಲಿಲ್ಲ. ಜಪಾನಿ ಹೆಂಡತಿ ಜೊತೆಗಿದ್ದರೆ ಬೋಸರಿಗೆ ಆಸರೆಯಾದೀತೆಂದು ತೋಯಾಮ ಅವರೇ ಸೋಮ ದಂಪತಿಯ ಹಿರಿಯ ಮಗಳು ತೋಶಿಕೊಳ ಸಂಬಂಧ ಕೇಳಿದರು. ತಂದೆ ತಾಯಿ ತೀರ್ಮಾನವನ್ನು ಮಗಳಿಗೇ ಬಿಟ್ಟರು. ಅವಳು ಒಪ್ಪಿದಳು. 1918ರಲ್ಲಿ ಮದುವೆಯಾಯಿತು. ಆಮೇಲೂ ಮನೆಯಿಂದ ಮನೆಗೆ ಅಲೆದಾಟ, ಅದರ ನಡುವೆಯೇ ಇಬ್ಬರು ಮಕ್ಕಳು. 1923ರಲ್ಲಿ ಬೋಸರಿಗೆ ಜಪಾನಿನ ಪೌರತ್ವ ದೊರೆಯಿತು. ಇನ್ನು ನೆಮ್ಮದಿಯಾಗಿ ಸಂಸಾರ ಮಾಡಬಹುದು ಎನ್ನುವಷ್ಟರಲ್ಲಿ, 1925ರಲ್ಲಿ ತೋಶಿಕೊ ತೀರಿಕೊಂಡಳು. ವಯಸ್ಸು ಮೂವತ್ತೂ ಆಗಿರಲಿಲ್ಲ.

ಹೆಂಡತಿ ಹೋದರೂ ಆ ಮನೆಯ ನಂಟು ಕಡಿಯಲಿಲ್ಲ. 1927ರಲ್ಲಿ ನಕಮುರಾಯ ಉಪಾಹಾರ ಗೃಹ ತೆರೆದಾಗ ಅಳಿಯನೇ ಅಡುಗೆ ಹೇಳಿಕೊಟ್ಟರು. ಜಪಾನಿನಲ್ಲಿ ಅದುವರೆಗೆ ಕರಿ ಎಂದರೆ ಇಂಗ್ಲೆಂಡಿನ ದಾರಿಯಲ್ಲಿ ಬಂದ, ಹಿಟ್ಟು ಕಲಸಿದ ಗಟ್ಟಿ ಸಾರು. ಬೋಸರದು ಮೂಳೆ ಸಮೇತ ಕೋಳಿ ಹಾಕಿ, ಮಸಾಲೆ ಬೆರೆಸಿ ಮಾಡಿದ್ದು. ಬೆಲೆ ಉಳಿದ ಕಡೆಗಿಂತ ಹಲವು ಪಟ್ಟು ಹೆಚ್ಚು. ಜನ ಆದರೂ ಬಂದರು.

ಇಂಡಿಯನ್ ಇಂಡಿಪೆಂಡೆನ್ಸ್ ಲೀಗ್ ಕಟ್ಟಿ ಬೆಳೆಸಿದ ಬೋಸರು 1943ರಲ್ಲಿ ಸಿಂಗಪುರದಲ್ಲಿ ಅದರ ನಾಯಕತ್ವವನ್ನು ಸುಭಾಷ್‌ಚಂದ್ರರ ಕೈಗಿತ್ತರು. 1945ರ ಜನವರಿ 21ರಂದು ಟೋಕಿಯೊದಲ್ಲಿ ಕಣ್ಣು ಮುಚ್ಚಿದರು. ಜಪಾನಿ ಸೈನಿಕನಾಗಿದ್ದ ಮಗ ಅದೇ ವರ್ಷ ಓಕಿನಾವಾ ಯುದ್ಧದಲ್ಲಿ ಸತ್ತ. ಬಿಟ್ಟು ಬಂದ ದೇಶವನ್ನು ಬೋಸರು ಮತ್ತೆ ನೋಡಲೇ ಇಲ್ಲ.

ಅನ್ನದ ಋಣ ತೀರಿಸಲಾಗದು ಅನ್ನುತ್ತೇವೆ. ಷಿಂಜುಕುವಿನ ನಕಮುರಾಯದಲ್ಲಿ ಆ ಕೋಳಿ ಸಾರು ಇವತ್ತಿಗೂ ಬಡಿಸುತ್ತಾರೆ.